ಏಂಜೆಲ್ ಜಲಪಾತಕ್ಕೆ ಹೊರಟ ಮೇಷ್ಟ್ರಿಗೆ: ಟಿಕೆಟ್ ಆಮೇಲೆ, ಲಸಿಕೆಯ ತೀರ್ಮಾನ ಮೊದಲು

ಓದುಗರ ಪ್ರಶ್ನೆ: "ಡಾಕ್ಟ್ರೇ, ನಾನು ದಾವಣಗೆರೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ವಯಸ್ಸು 63. ಸಮಾಜ ಪಾಠ ಮಾಡುತ್ತಿದ್ದೆ. ಜಗತ್ತಿನ ಅತಿ ಎತ್ತರದ ಜಲಪಾತ ಯಾವುದು ಅಂತ ಕೇಳಿ, ವೆನೆಜುವೆಲಾದ ಏಂಜೆಲ್ ಅಂತ ಪ್ರತಿ ವರ್ಷ ಮಕ್ಕಳ ಬಾಯಲ್ಲಿ ಹೇಳಿಸುತ್ತಿದ್ದೆ. ಅದನ್ನು ಕಣ್ಣಾರೆ ನೋಡಬೇಕು ಅನ್ನುವ ಆಸೆ ಇನ್ನೂ ಹೋಗಿಲ್ಲ. ಮಗ ಮ್ಯಾಡ್ರಿಡ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನ ಮನೆಗೆ ಹೋಗಿ, ಅಲ್ಲಿಂದ ಮೂವರೂ ಹೋಗಿಬರುವ ಯೋಚನೆ ಇದೆ. ನನಗೆ ಶುಗರ್, ಬಿಪಿ ಎರಡೂ ಇವೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಟೆಲ್ಮಿಸಾರ್ಟನ್ ಮಾತ್ರೆ ತೆಗೆದುಕೊಳ್ಳುತ್ತೇನೆ. ನನ್ನ ಮನೆಯವರಿಗೆ 58. ರುಮಟಾಯ್ಡ್ ಕೀಲುವಾತಕ್ಕೆ ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ನಡೆಯುತ್ತಿದೆ. ಅಲ್ಲಿಗೆ ಹೋಗಲು ಹಳದಿ ಜ್ವರದ ಇಂಜೆಕ್ಷನ್ ಬೇಕೇ ಬೇಕು ಅಂತಾರೆ. ವಯಸ್ಸಾದವರಿಗೆ ಆ ಇಂಜೆಕ್ಷನ್ನೇ ಅಪಾಯ ಅಂತಲೂ ಅಂತಾರೆ. 'ವಾಪಸ್ ಬರುವಾಗ ಮಗನ ಮನೆಯಲ್ಲಿ ಒಂದು ವಾರ ಇದ್ದು ಬಾ, ಏರ್‌ಪೋರ್ಟ್‌ನಲ್ಲಿ ಯಾರೂ ಕೇಳಲ್ಲ' ಅಂತ ಗೆಳೆಯರೊಬ್ಬರು ಹೇಳಿದರು. ಚಿಕ್ಕಂದಿನಲ್ಲಿ ನನಗೆ ಕಾಮಾಲೆ ಆಗಿತ್ತು. ಹಾಗಿದ್ದರೆ ಹಳದಿ ಜ್ವರ ಬರುವುದಿಲ್ಲ ಅಲ್ವಾ? ಹಾವಿನ ಇಂಜೆಕ್ಷನ್ ಇಲ್ಲಿಂದಲೇ ಒಯ್ಯಬಹುದಾ? ಅಷ್ಟು ಎತ್ತರದ ಜಾಗದಲ್ಲಿ ಉಸಿರಾಟಕ್ಕೆ ತೊಂದರೆ ಆಗುತ್ತಾ? ನಾವು ಹೋಗಬಹುದಾ, ಬೇಡವಾ?"

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಪ್ರಶ್ನೆ ಹಲವು ಇದ್ದರೂ ಚಿಂತೆ ಒಂದೇ. ಈ ವಯಸ್ಸಿನಲ್ಲಿ, ಈ ಕಾಯಿಲೆಗಳನ್ನು ಇಟ್ಟುಕೊಂಡು ಅಂಥ ಕಾಡಿಗೆ ಹೋಗಿ ಕ್ಷೇಮವಾಗಿ ಬರಬಹುದಾ ಅನ್ನುವುದು. ಮೊದಲೇ ಹೇಳಿಬಿಡುತ್ತೇನೆ. ನೀವು ಸರಿಯಾಗಿ ತಯಾರಾದರೆ ಹೋಗಬಹುದು. ನಿಮ್ಮ ಮನೆಯವರು ಈಗಿನ ಔಷಧಿಯಲ್ಲಿರುವಾಗ ಹೋಗಬಾರದು. ಈ ಎರಡನೇ ಮಾತು ನಿಮಗೆ ಬೇಸರ ತರುತ್ತದೆ ಅಂತ ಗೊತ್ತು. ಅದಕ್ಕೇ ಕಾರಣವನ್ನು ಬಿಡಿಸಿ ಹೇಳುತ್ತೇನೆ.

ಎತ್ತರದ ಭಯವನ್ನು ಮೊದಲು ಮುಗಿಸೋಣ. ಏಂಜೆಲ್‌ನ ಎತ್ತರ 979 ಮೀಟರ್, ಅದರಲ್ಲಿ 807 ಮೀಟರ್ ಒಂದೇ ಧುಮುಕು. ನಮ್ಮ ಜೋಗ 253 ಮೀಟರ್. ಅಂದರೆ ಹೆಚ್ಚುಕಡಿಮೆ ನಾಲ್ಕು ಜೋಗ ಒಂದರ ಮೇಲೊಂದು. ಆದರೆ ನೋಡುವವರು ಮೇಲೆ ಹತ್ತುವುದಿಲ್ಲ, ಕೆಳಗೆ ನಿಂತು ತಲೆ ಎತ್ತಿ ನೋಡುತ್ತಾರೆ. ಪ್ರವಾಸಿಗರು ಇಳಿದುಕೊಳ್ಳುವ ಕನೈಮಾ ಹಳ್ಳಿ ಸಮುದ್ರ ಮಟ್ಟದಿಂದ ಸುಮಾರು 440 ಮೀಟರ್ ಎತ್ತರದಲ್ಲಿದೆ. ದಾವಣಗೆರೆ 600 ಮೀಟರ್‌ನಲ್ಲಿದೆ. ಉಸಿರಾಟದ ಚಿಂತೆ ಬಿಡಿ.

ಚಿಂತೆ ಮಾಡಬೇಕಾದ್ದು ದೂರದ ಬಗ್ಗೆ. ಜಲಪಾತಕ್ಕೆ ರಸ್ತೆಯೇ ಇಲ್ಲ. ಸಿಯುದಾದ್ ಬೊಲಿವಾರ್ ಅಥವಾ ಪುಯೆರ್ತೋ ಓರ್ದಾಸ್ ಊರಿಂದ ಸಣ್ಣ ವಿಮಾನದಲ್ಲಿ ಕನೈಮಾ. ಅಲ್ಲಿಂದ ಮೋಟರ್ ಕಟ್ಟಿದ ಉದ್ದನೆಯ ಮರದ ದೋಣಿಯಲ್ಲಿ ಕರ್ರಾವ್, ಚುರೂನ್ ನದಿಗಳ ಪ್ರವಾಹಕ್ಕೆ ಎದುರಾಗಿ ಸುಮಾರು ನಾಲ್ಕು ತಾಸು. ದೋಣಿ ನಡೆಸುವವರು ಅಲ್ಲಿನ ಮೂಲ ಜನ, ಪೆಮೋನರು. ಅವರು ಜಲಪಾತವನ್ನು ಕೆರೆಪಕುಪಾಯ್ ಮೆರು ಅಂತ ಕರೆಯುತ್ತಾರೆ. ದೋಣಿ ಇಳಿದ ಮೇಲೆ ಬೇರು, ಕಲ್ಲು, ಕೆಸರಿನ ಕಾಡುದಾರಿಯಲ್ಲಿ ಒಂದು, ಒಂದೂವರೆ ತಾಸು ಏರಬೇಕು. ರಾತ್ರಿ ನದಿ ದಡದ ಶೆಡ್ಡಿನಲ್ಲಿ ಜೋಲಿ ಕಟ್ಟಿ ಮಲಗಬೇಕು. ಅಮೆರಿಕದ ಪೈಲಟ್ ಜಿಮ್ಮಿ ಏಂಜೆಲ್ 1937ರಲ್ಲಿ ಈ ಬೆಟ್ಟದ ನೆತ್ತಿಯಲ್ಲಿ ವಿಮಾನ ಇಳಿಸಿದ. ವಿಮಾನ ಕೆಸರಲ್ಲಿ ಹೂತುಹೋಯಿತು. ಅವನೂ ಹೆಂಡತಿಯೂ ಇನ್ನಿಬ್ಬರೂ ನಡೆದು ಕೆಳಗೆ ಬರಲು 11 ದಿನ ಹಿಡಿಯಿತು. ಇಂದಿಗೂ ಅಲ್ಲಿ ಯಾರಿಗಾದರೂ ಎದೆನೋವು ಬಂದರೆ, ಕಾಲು ಮುರಿದರೆ, ದೊಡ್ಡ ಆಸ್ಪತ್ರೆಗೆ ದೋಣಿ ಮತ್ತು ವಿಮಾನ ಎರಡೂ ಬೇಕು. ಎರಡಕ್ಕೂ ಹಗಲು ಬೇಕು, ಮಳೆ ಬಿಟ್ಟಿರಬೇಕು.

ಹಳದಿ ಜ್ವರ ಮತ್ತು ಕಾಮಾಲೆ

ಇವೆರಡೂ ಬೇರೆ ಬೇರೆ. ಕಾಮಾಲೆ ಅನ್ನುವುದು ಲಕ್ಷಣ. ಲಿವರ್ ಕೆಟ್ಟಾಗ ಕಣ್ಣು, ಮೈ ಹಳದಿ ಆಗುತ್ತದೆ. ಚಿಕ್ಕಂದಿನಲ್ಲಿ ನಿಮಗೆ ಆಗಿದ್ದು ಬಹುಶಃ ಹೆಪಟೈಟಿಸ್ ಎ, ಅದು ನೀರು, ಆಹಾರದಿಂದ ಬರುವಂಥದ್ದು. ಹಳದಿ ಜ್ವರದ ವೈರಸ್ಸೇ ಬೇರೆ, ಅದು ಸೊಳ್ಳೆಯಿಂದ ಬರುತ್ತದೆ. ಒಂದು ಬಂದವರಿಗೆ ಇನ್ನೊಂದರಿಂದ ರಕ್ಷಣೆ ಇಲ್ಲ. ಡೆಂಗಿ ಬಂದು ಹೋಗಿದ್ದರೂ ಅಷ್ಟೇ. ಪಪ್ಪಾಯಿ ಎಲೆ ರಸಕ್ಕೂ ಇಲ್ಲಿ ಏನೂ ಕೆಲಸವಿಲ್ಲ.

ನಮ್ಮ ಕಡೆಯವರಿಗೆ ಈ ಕಾಯಿಲೆಯ ದಾರಿ ಅರ್ಥವಾಗಲು ಮಂಗನ ಕಾಯಿಲೆಯನ್ನು ನೆನೆದರೆ ಸಾಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಆಮೇಲೆ ಕಾಡಿಗೆ ಹೋದ ಜನಕ್ಕೆ ಜ್ವರ ಬಂತು. ಅಲ್ಲಿ ರೋಗ ಹರಡಿದ್ದು ರಕ್ತ ಹೀರುವ ಉಣ್ಣೆ ಹುಳದಿಂದ. ದಕ್ಷಿಣ ಅಮೆರಿಕದ ಕಾಡಲ್ಲಿ ಹಳದಿ ಜ್ವರ ಮರದ ಮೇಲಿನ ಮಂಗಗಳ ನಡುವೆ ಸೊಳ್ಳೆಯಿಂದ ಸುತ್ತುತ್ತಿರುತ್ತದೆ. ಮನುಷ್ಯ ನಡುವೆ ಹೋದರೆ ಅವನಿಗೂ ಕಚ್ಚುತ್ತದೆ. ಎರಡೂ ವೈರಸ್ ಒಂದೇ ಕುಟುಂಬದವು, ಡೆಂಗಿ ವೈರಸ್ ಕೂಡ. ಈ ಕಾಡು ಸೊಳ್ಳೆ ಕಚ್ಚುವುದು ಹಗಲಲ್ಲಿ. ಹಾಗಾಗಿ ರಾತ್ರಿ ಸೊಳ್ಳೆಪರದೆ ಕಟ್ಟಿಕೊಂಡರೆ ಹಳದಿ ಜ್ವರದ ಮಟ್ಟಿಗೆ ಸಾಲದು.

ಸೊಳ್ಳೆ ಕಚ್ಚಿ 3ರಿಂದ 6 ದಿನದಲ್ಲಿ ಜ್ವರ ಬರುತ್ತದೆ. ಹೆಚ್ಚಿನವರಲ್ಲಿ ಇಳಿದುಹೋಗುತ್ತದೆ. ಕೆಲವರಲ್ಲಿ ಒಂದು ದಿನ ಬಿಟ್ಟಂತಾಗಿ ಮತ್ತೆ ಏರುತ್ತದೆ. ಆಗ ಲಿವರ್, ಕಿಡ್ನಿ ಸೋಲುತ್ತವೆ, ರಕ್ತಸ್ರಾವ ಆಗುತ್ತದೆ. ಈ ಹಂತಕ್ಕೆ ಹೋದವರಲ್ಲಿ ಅರ್ಧದಷ್ಟು ಜನ ಉಳಿಯುವುದಿಲ್ಲ. ಇದಕ್ಕೆ ನೇರ ಔಷಧಿ ಇಲ್ಲ. ಇರುವುದು ಲಸಿಕೆ ಮಾತ್ರ.

ನಿಮ್ಮ ಗೆಳೆಯರ ಸಲಹೆ ಬಗ್ಗೆ. ಹಳದಿ ಜ್ವರದ ದೇಶದಿಂದ ಹೊರಟು 6 ದಿನದೊಳಗೆ ಭಾರತಕ್ಕೆ ಬಂದರೆ ಲಸಿಕೆಯ ಕಾರ್ಡ್ ತೋರಿಸಬೇಕು, ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್ ಮಾಡುತ್ತಾರೆ. ಮ್ಯಾಡ್ರಿಡ್‌ನಲ್ಲಿ ಒಂದು ವಾರ ಇದ್ದು ಬಂದರೆ ಈ ನಿಯಮಕ್ಕೆ ನೀವು ಸಿಗುವುದಿಲ್ಲ, ನಿಜ. ಆದರೆ ಆ ನಿಯಮ ಇರುವುದು ದೇಶವನ್ನು ಕಾಪಾಡಲು. ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ಹಳದಿ ಜ್ವರವನ್ನೂ ಹರಡಬಲ್ಲದು, ಅದು ನಮ್ಮ ಊರಿನ ಪ್ರತಿ ಡ್ರಮ್ಮಿನಲ್ಲೂ ಇದೆ. ವೈರಸ್ ಇಲ್ಲಿಗೆ ಬಂದಿಲ್ಲ, ಬರಬಾರದು ಅಂತಲೇ ಅಷ್ಟು ಬಿಗಿ. ಲಸಿಕೆ ಇರುವುದು ನಿಮ್ಮನ್ನು ಕಾಪಾಡಲು. ಏರ್‌ಪೋರ್ಟ್ ಅಧಿಕಾರಿಯ ಕಣ್ಣು ತಪ್ಪಿಸಬಹುದು, ಕನೈಮಾದ ಸೊಳ್ಳೆಯನ್ನು ಹಾಗೆ ತಪ್ಪಿಸಲು ಆಗುವುದಿಲ್ಲ.

ಇನ್ನು 'ವಯಸ್ಸಾದವರಿಗೆ ಇಂಜೆಕ್ಷನ್ ಅಪಾಯ' ಅನ್ನುವ ಮಾತು. ಇದು ಸುಮ್ನೆ ಹಬ್ಬಿದ ಸುದ್ದಿ ಅಲ್ಲ. ಈ ಲಸಿಕೆಯಲ್ಲಿ ಜೀವಂತ ವೈರಸ್ ಇರುತ್ತದೆ, ಶಕ್ತಿ ಕುಂದಿಸಿದ ವೈರಸ್. ನಮ್ಮ ರೋಗನಿರೋಧಕ ಶಕ್ತಿ ಅದನ್ನು ಬೇಗ ಗುರುತಿಸಿ ಅಡಗಿಸುತ್ತದೆ, ಆ ಪಾಠ ಜೀವನಪೂರ್ತಿ ನೆನಪಿಟ್ಟುಕೊಳ್ಳುತ್ತದೆ. ವಯಸ್ಸಾದಂತೆ ಈ ಅಡಗಿಸುವ ಕೆಲಸ ನಿಧಾನವಾಗುತ್ತದೆ. ಅಪರೂಪಕ್ಕೆ ಲಸಿಕೆಯ ವೈರಸ್ಸೇ ಬೆಳೆದು ಲಿವರ್, ಕಿಡ್ನಿಗೆ ಅಥವಾ ಮೆದುಳಿಗೆ ಹೊಡೆತ ಕೊಡುತ್ತದೆ. ಅಂಗಾಂಗಗಳಿಗೆ ಹೊಡೆತ ಬೀಳುವ ಈ ತೊಂದರೆ ಎಲ್ಲ ವಯಸ್ಸಿನವರನ್ನು ಸೇರಿಸಿದರೆ ಲಕ್ಷ ಡೋಸಿಗೆ ಒಂದಕ್ಕಿಂತ ಕಡಿಮೆ. 60 ದಾಟಿದವರಲ್ಲಿ ಲಕ್ಷಕ್ಕೆ ಒಂದರ ಆಸುಪಾಸು, 70 ದಾಟಿದರೆ ಇನ್ನೂ ಜಾಸ್ತಿ.

ತಕ್ಕಡಿಯ ಇನ್ನೊಂದು ಕಡೆ ನೋಡಿ. ಲಸಿಕೆ ಇಲ್ಲದೆ ದಕ್ಷಿಣ ಅಮೆರಿಕದ ರೋಗದ ಪ್ರದೇಶದಲ್ಲಿ ಎರಡು ವಾರ ಇದ್ದರೆ ಲಕ್ಷದಲ್ಲಿ ಸುಮಾರು 5 ಜನಕ್ಕೆ ಕಾಯಿಲೆ, ಒಬ್ಬರ ಸಾವು ಅಂತ ಅಂದಾಜಿದೆ. ರೋಗ ಎದ್ದಿರುವ ವರ್ಷ ಇದು ಏರುತ್ತದೆ. 2025ರಲ್ಲಿ ಪಕ್ಕದ ಕೊಲಂಬಿಯಾದಲ್ಲಿ ಎದ್ದಿತ್ತು. ಅಂದರೆ 30 ವರ್ಷದವರಿಗೆ ಯೋಚನೆಯೇ ಬೇಡ, ಹಾಕಿಸಿಕೊಂಡು ಹೋಗಬಹುದು. 63ರಲ್ಲಿ ಎರಡು ತಟ್ಟೆಗಳ ಅಂತರ ಅಷ್ಟು ದೊಡ್ಡದಲ್ಲ, ಕೂತು ಯೋಚಿಸಬೇಕು. ನನ್ನ ಅಭಿಪ್ರಾಯ ಹೇಳುತ್ತೇನೆ. ನೀವು ಕಾಡಲ್ಲೇ ರಾತ್ರಿ ಕಳೆಯುವವರು, ಹಗಲೆಲ್ಲ ನದಿ ದಂಡೆಯಲ್ಲಿ ಇರುವವರು. ಹೋಗುವುದಾದರೆ ಲಸಿಕೆ ಹಾಕಿಸಿಕೊಂಡೇ ಹೋಗಿ. ಲಸಿಕೆ ಬೇಡ ಅಂತ ಮನಸ್ಸಿಗೆ ಬಂದರೆ ಪ್ರವಾಸವೂ ಬೇಡ.

ಸಕ್ಕರೆ ಕಾಯಿಲೆ, ಬಿಪಿ ಈ ಲಸಿಕೆಗೆ ಅಡ್ಡಿ ಅಲ್ಲ. ಮೊಟ್ಟೆ ತಿಂದರೆ ತೀವ್ರ ಅಲರ್ಜಿ ಆಗುವವರು, ಎದೆಯಲ್ಲಿರುವ ಥೈಮಸ್ ಗ್ರಂಥಿಯ ಕಾಯಿಲೆ ಇದ್ದವರು ಅಥವಾ ಅದನ್ನು ತೆಗೆಸಿಕೊಂಡವರು, ಕೀಮೋ ನಡೆಯುತ್ತಿರುವವರು, ಜಾಸ್ತಿ ಪ್ರಮಾಣದ ಸ್ಟೀರಾಯ್ಡ್ ತಿನ್ನುವವರು ಹಾಕಿಸಬಾರದು. ಸ್ಟೀರಾಯ್ಡ್ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಮಂಡಿನೋವಿಗೆ ಯಾರೋ ಕೊಟ್ಟ ಪೊಟ್ಟಣದ ಮಾತ್ರೆ, ಹೆಸರಿಲ್ಲದ ಪುಡಿ ತಿನ್ನುವವರು ನಮ್ಮ ಜಿಲ್ಲೆಯಲ್ಲಿ ಬಹಳ. ಅದರಲ್ಲಿ ಸ್ಟೀರಾಯ್ಡ್ ಇರುವುದು ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. ನೀವು ಅಂಥದ್ದೇನಾದರೂ ತೆಗೆದುಕೊಳ್ಳುತ್ತಿದ್ದರೆ ಲಸಿಕೆಯ ಮುಂಚೆ ಬಾಯಿಬಿಟ್ಟು ಹೇಳಿ.

ಲಸಿಕೆ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಕೇಂದ್ರ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಬೆಂಗಳೂರಿನಲ್ಲಿ ಇವೆ. ಮೊದಲೇ ದಿನ ಗೊತ್ತು ಮಾಡಿಕೊಂಡು ಪಾಸ್‌ಪೋರ್ಟ್ ಹಿಡಿದು ಹೋಗಬೇಕು. ಲಸಿಕೆ ಹಾಕಿಸಿದ 10 ದಿನದ ಮೇಲೆ ಕಾರ್ಡ್ ಚಾಲ್ತಿಗೆ ಬರುತ್ತದೆ. 2016ರ ಜುಲೈನಿಂದ ಅದು ಜೀವನಪೂರ್ತಿಗೆ ನಡೆಯುತ್ತದೆ, 10 ವರ್ಷಕ್ಕೊಮ್ಮೆ ಅನ್ನುವುದು ಹಳೆಯ ನಿಯಮ. ಆದರೆ ನೀವು 10 ದಿನದ ಲೆಕ್ಕ ಹಿಡಿಯಬೇಡಿ. ಹೊರಡುವುದಕ್ಕೆ ಒಂದೂವರೆ ತಿಂಗಳು ಮೊದಲೇ ಹಾಕಿಸಿ. ಲಸಿಕೆಯ ತೊಂದರೆ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲೇ ಬರುತ್ತದೆ. ಬಂದರೆ ಎರಡು ಮೆಡಿಕಲ್ ಕಾಲೇಜಿರುವ ದಾವಣಗೆರೆಯಲ್ಲಿ ಬರಲಿ, ವಿಮಾನದಲ್ಲಿ ಬೇಡ. ನನ್ನ ಬಳಿ ಬರುವವರಲ್ಲಿ ಅನೇಕರು 'ನಾಡಿದ್ದು ಫ್ಲೈಟ್' ಅಂತಲೇ ಬರುತ್ತಾರೆ. ಆಗ ನಾನು ಕೊಡಬಹುದಾದ ಸಲಹೆ ತೀರಾ ಕಡಿಮೆ.

ನಿಮ್ಮ ಮನೆಯವರ ವಿಷಯ

ಮೆಥೋಟ್ರೆಕ್ಸೇಟ್ ಕೀಲುವಾತವನ್ನು ಹಿಡಿದಿಡುವುದೇ ರೋಗನಿರೋಧಕ ಶಕ್ತಿಯ ಅತಿರೇಕವನ್ನು ತಗ್ಗಿಸಿ. ಅದೇ ಶಕ್ತಿ ಲಸಿಕೆಯ ವೈರಸ್ಸನ್ನು ಅಡಗಿಸಲು ಬೇಕು. ಹಾಗಾಗಿ ಆ ಮಾತ್ರೆ ನಡೆಯುತ್ತಿರುವಾಗ ಹಳದಿ ಜ್ವರದ ಲಸಿಕೆ ಹಾಕುವುದಿಲ್ಲ. ಲಸಿಕೆ ಇಲ್ಲದೆ ಆ ಕಾಡಿಗೆ ಹೋಗುವುದು ಇನ್ನೂ ಕೆಟ್ಟದ್ದು, ಕಾಯಿಲೆ ಬಂದರೆ ಅವರ ದೇಹಕ್ಕೆ ಹೋರಾಡಲು ಕಷ್ಟ. 'ಆರೋಗ್ಯದ ಕಾರಣಕ್ಕೆ ಲಸಿಕೆ ಹಾಕಿಲ್ಲ' ಅಂತ ವೈದ್ಯರ ಪತ್ರ ತರಬಹುದು ಅಂತ ಯಾರಾದರೂ ಹೇಳಬಹುದು. ಅಂಥ ಪತ್ರ ಇದೆ. ಅದನ್ನು ತೋರಿಸಿದರೆ ಕ್ವಾರಂಟೈನ್ ತಪ್ಪೇ ತಪ್ಪುತ್ತದೆ ಅನ್ನುವ ಖಾತ್ರಿ ಇಲ್ಲ. ಅದು ಸೊಳ್ಳೆಗಂತೂ ಲೆಕ್ಕಕ್ಕಿಲ್ಲ.

ಕೀಲುವಾತದ ತಜ್ಞರು ಒಪ್ಪಿದರೆ ಕೆಲವು ತಿಂಗಳು ಮಾತ್ರೆ ನಿಲ್ಲಿಸಿ, ಆಮೇಲೆ ಲಸಿಕೆ ಹಾಕಿಸುವ ದಾರಿ ಇದೆ. ಆದರೆ ಮಾತ್ರೆ ನಿಂತ ಆ ತಿಂಗಳುಗಳಲ್ಲಿ ಕೀಲು ಮತ್ತೆ ಊದಬಹುದು, ಬೆರಳು ಮಡಚಲು ಆಗದಂತೆ ಹಾನಿ ಆಗಬಹುದು. ಒಂದು ಪ್ರವಾಸಕ್ಕಾಗಿ ನಾನಾದರೆ ಇದನ್ನು ಸೂಚಿಸುವುದಿಲ್ಲ. ನೀವೇ ಮನೆಯಲ್ಲಿ ಕೂತು ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ. ಕಾಡಿನಲ್ಲಿ ನಡೆಯದೆ ಕನೈಮಾದಿಂದ ಸಣ್ಣ ವಿಮಾನದಲ್ಲಿ ಜಲಪಾತ ಸುತ್ತಿ ಬರುವ ಏರ್ಪಾಡು ಇದೆ, ಅವರು ಅಷ್ಟಕ್ಕೆ ಬರಬಹುದಾ ಅಂತ ನೀವು ಕೇಳುತ್ತೀರಿ. ಮೊಣಕಾಲಿಗೆ ಅದು ಒಳ್ಳೆಯದು. ಆದರೆ ಕನೈಮಾ ಕೂಡ ಹಳದಿ ಜ್ವರ, ಮಲೇರಿಯಾ ಇರುವ ಪ್ರದೇಶದಲ್ಲೇ ಇದೆ. ವಿಮಾನ ಹತ್ತುವ ಮೊದಲೇ ಸೊಳ್ಳೆ ಕಚ್ಚಬಹುದು.

ಅವರು ಆ ದಿನಗಳಲ್ಲಿ ಮ್ಯಾಡ್ರಿಡ್‌ನ ಮನೆಯಲ್ಲಿ ಇರಲಿ. ಇಬ್ಬರೂ ಒಟ್ಟಿಗೆ ದೊಡ್ಡ ಜಲಪಾತ ನೋಡಬೇಕು ಅಂತಿದ್ದರೆ ಹಳದಿ ಜ್ವರ ಇಲ್ಲದ ಕಡೆ ಹುಡುಕಿ. ಮೇಘಾಲಯದ ನೊಹ್ಕಲಿಕಾಯ್ 340 ಮೀಟರ್ ಒಂದೇ ಧಾರೆಯಾಗಿ ಬೀಳುತ್ತದೆ, ನೋಡುವ ಜಾಗದ ಹತ್ತಿರದವರೆಗೂ ಕಾರು ಹೋಗುತ್ತದೆ. ವಿದೇಶವೇ ಬೇಕಾದರೆ ದಕ್ಷಿಣ ಆಫ್ರಿಕಾದ ಟುಗೆಲಾ ಇದೆ. 948 ಮೀಟರ್, ಐದು ಹಂತದಲ್ಲಿ ಇಳಿಯುತ್ತದೆ. ದಕ್ಷಿಣ ಆಫ್ರಿಕಾ ಹಳದಿ ಜ್ವರದ ದೇಶ ಅಲ್ಲ. ಅದರ ನೆತ್ತಿಗೆ ಹೋಗುವ ದಾರಿಯಲ್ಲಿ ಕಬ್ಬಿಣದ ಸರಪಳಿ ಏಣಿ ಹತ್ತಬೇಕು, ಅದು ಕೀಲುವಾತದವರಿಗಲ್ಲ. ಕೆಳಗಿನ ಕಣಿವೆಯಿಂದ ನೋಡಬಹುದು.

ನಿಮ್ಮ ತಯಾರಿ

ಮಲೇರಿಯಾವನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಏಂಜೆಲ್ ಇರುವ ಬೊಲಿವಾರ್ ರಾಜ್ಯ ವೆನೆಜುವೆಲಾದಲ್ಲಿ ಅತಿ ಹೆಚ್ಚು ಮಲೇರಿಯಾ ಇರುವ ಕಡೆ. ಚಿನ್ನಕ್ಕಾಗಿ ಕಾಡು ಅಗೆದ ಗುಂಡಿಗಳಲ್ಲಿ ನೀರು ನಿಂತು ಸೊಳ್ಳೆ ಬೆಳೆಯುತ್ತದೆ, ಗಣಿ ಕೆಲಸಗಾರರು ಊರಿಂದೂರಿಗೆ ರೋಗ ಒಯ್ಯುತ್ತಾರೆ. ಫಾಲ್ಸಿಪಾರಂ ಅನ್ನುವ ಮಾರಕ ಬಗೆಯ ಮಲೇರಿಯಾ ಕೂಡ ಅಲ್ಲಿದೆ. ಮಲೇರಿಯಾ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನವರೆಗೆ, ಜೋಲಿಗೆ ಪರದೆ ಬೇಕು. ತಡೆಯುವ ಮಾತ್ರೆಯೂ ಬೇಕು. ಹಳೆಯ ಕ್ಲೋರೋಕ್ವಿನ್ ಅಲ್ಲಿ ನಡೆಯುವುದಿಲ್ಲ. ಅಟೊವಕ್ವೋನ್-ಪ್ರೊಗ್ವಾನಿಲ್ ಅಥವಾ ಡಾಕ್ಸಿಸೈಕ್ಲಿನ್ ಬರೆದುಕೊಡುತ್ತೇವೆ. ಡಾಕ್ಸಿಸೈಕ್ಲಿನ್ ತಿಂದವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ನಾಲ್ಕು ತಾಸು ತೆರೆದ ದೋಣಿಯಲ್ಲಿ ಕೂರುವ ನಿಮಗೆ ನಾನು ಮೊದಲನೆಯದನ್ನೇ ನೋಡುತ್ತೇನೆ, ಕಿಡ್ನಿ ಪರೀಕ್ಷೆ ಸರಿಯಿದ್ದರೆ. ಅದನ್ನು ವಾಪಸ್ ಬಂದ ಮೇಲೂ 7 ದಿನ ನುಂಗಬೇಕು. ಮನೆಗೆ ಬಂದೆ ಅಂತ ಮಧ್ಯದಲ್ಲೇ ಬಿಡುವವರು ಬಹಳ. ಮೈಗೆ ಸೊಳ್ಳೆ ಓಡಿಸುವ ಡೀಟ್ ಇರುವ ಮುಲಾಮು ಹಚ್ಚಿ. ಸನ್‌ಸ್ಕ್ರೀನ್ ಮೊದಲು, ಡೀಟ್ ಅದರ ಮೇಲೆ. ಬೇವಿನ ಎಣ್ಣೆಯನ್ನು ನಂಬಿ ಆ ಕಾಡಿಗೆ ಹೋಗಬೇಡಿ. ಪುರಿ-ಪುರಿ ಅಂತ ಕಣ್ಣಿಗೆ ಕಾಣದಷ್ಟು ಸಣ್ಣ ನೊಣವೂ ಅಲ್ಲಿದೆ. ಅದು ಕಚ್ಚಿದ್ದನ್ನು ಕೆರೆದರೆ ಶುಗರ್ ಇದ್ದವರಿಗೆ ಹುಣ್ಣಾಗುತ್ತದೆ. ಉದ್ದ ತೋಳು, ಉದ್ದ ಪ್ಯಾಂಟು, ಕಾಲುಚೀಲ.

ಹಾವಿನ ಇಂಜೆಕ್ಷನ್ ಒಯ್ಯಬೇಡಿ. ನಮ್ಮಲ್ಲಿ ಸಿಗುವುದು ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೆ ಮಾಡಿದ್ದು. ಅಲ್ಲಿನ ಹಾವುಗಳ ವಿಷವೇ ಬೇರೆ, ಇದು ಕೆಲಸ ಮಾಡುವುದಿಲ್ಲ. ಅದನ್ನು ಆಸ್ಪತ್ರೆಯ ಹೊರಗೆ ಕೊಡುವುದೂ ಅಪಾಯ. ಪಾದ ಮುಚ್ಚುವ ಶೂ, ಕತ್ತಲಲ್ಲಿ ಟಾರ್ಚ್, ನೋಡದೆ ಕಲ್ಲಿನ ಸಂದಿಗೆ ಕೈ ಹಾಕದಿರುವುದು, ಇಷ್ಟು ಸಾಕು.

ನನಗೆ ನಿಜವಾಗಿ ಭಯ ಇರುವುದು ನಿಮ್ಮ ಗ್ಲಿಮೆಪಿರೈಡ್ ಬಗ್ಗೆ. ಆ ಮಾತ್ರೆ ಊಟ ಆಗಿದೆಯೋ ಇಲ್ಲವೋ ನೋಡುವುದಿಲ್ಲ, ಸಕ್ಕರೆ ಇಳಿಸುತ್ತಲೇ ಇರುತ್ತದೆ. ದೋಣಿ ತಡವಾಯಿತು, ಊಟ ಎರಡು ತಾಸು ಹಿಂದೆ ಹೋಯಿತು, ಮೇಲಿಂದ ಏರುದಾರಿ. ಶುಗರ್ ಲೋ ಆಗಲು ಬೇರೆ ಏನೂ ಬೇಡ. ಬೆವರು, ನಡುಕ, ಮಾತು ತೊದಲುವುದು ಕಂಡ ಕೂಡಲೇ ಗ್ಲೂಕೋಸ್ ಕೊಡಬೇಕು ಅಂತ ಮಗನಿಗೆ ಕಲಿಸಿ. ಗ್ಲೂಕೋಸ್ ಪುಡಿ ನಿಮ್ಮ ಜೇಬಿನಲ್ಲಿ ಇರಲಿ, ದೋಣಿಯ ಬ್ಯಾಗಿನಲ್ಲಿ ಅಲ್ಲ. ಶೇಂಗಾ ಚಿಕ್ಕಿ, ಹುರಿಗಡಲೆ ಒಯ್ಯಿರಿ. ಕ್ಯಾಂಪಿನಲ್ಲಿ ಸಾಮಾನ್ಯವಾಗಿ ಬೆಂಕಿಯಲ್ಲಿ ಸುಟ್ಟ ಕೋಳಿ ಕೊಡುತ್ತಾರೆ, ಸಸ್ಯಾಹಾರಿಯಾದರೆ ಬುತ್ತಿ ನೀವೇ ಕಟ್ಟಬೇಕು. ನಡಿಗೆಯ ದಿನಗಳಿಗೆ ಈ ಮಾತ್ರೆ ಕಡಿಮೆ ಮಾಡಬೇಕಾ, ಬದಲಿಸಬೇಕಾ ಅಂತ ನಿಮ್ಮ ವೈದ್ಯರು ಒಂದೆರಡು ತಿಂಗಳು ಮುಂಚೆಯೇ ನೋಡಲಿ. ಹೊಸ ಮಾತ್ರೆಯ ಪ್ರಯೋಗ ಕಾಡಿನಲ್ಲಿ ಬೇಡ. ಅಲ್ಲಿನ ಗಡಿಯಾರ ನಮಗಿಂತ ಒಂಬತ್ತೂವರೆ ತಾಸು ಹಿಂದೆ. ಮಾತ್ರೆ ಹೊತ್ತನ್ನು ಊಟದ ಲೆಕ್ಕಕ್ಕೆ ಹೊಂದಿಸಿ ಬರೆಸಿಕೊಳ್ಳಿ. ವಾಂತಿ ಭೇದಿ ಜೋರಾದರೆ ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್ ಯಾವಾಗ ನಿಲ್ಲಿಸಬೇಕು ಅನ್ನುವುದನ್ನೂ ಅದೇ ಚೀಟಿಯಲ್ಲಿ ಬರೆಸಿ. ನೀರು ಬತ್ತಿದ ದೇಹದಲ್ಲಿ ಟೆಲ್ಮಿಸಾರ್ಟನ್ ಕಿಡ್ನಿಗೆ ತೊಂದರೆ ಕೊಡಬಹುದು, ಕಿಡ್ನಿ ಸೋತರೆ ಮೆಟ್‌ಫಾರ್ಮಿನ್ ಮೈಯಲ್ಲೇ ಉಳಿದು ಅಪಾಯ ತರಬಹುದು. ಅಲ್ಲಿನ ನದಿ ನೀರು ಎಲೆಗಳ ಕಷಾಯದಿಂದ ಚಹಾ ಬಣ್ಣಕ್ಕಿದೆ. ಬಣ್ಣ ಕೆಟ್ಟದ್ದಲ್ಲ, ಆದರೂ ಕುದಿಸದೆ ಕುಡಿಯಬೇಡಿ.

ಕಾಲಿನ ಪರೀಕ್ಷೆ ಇಲ್ಲೇ ಆಗಲಿ. ಹೃದಯದ ತಪಾಸಣೆ ಮುಗಿದ ಮೇಲೆ ಚಿತ್ರದುರ್ಗದ ಕೋಟೆಗೆ ಹೋಗಿ. ಓಬವ್ವನ ಕಿಂಡಿ, ಏಕನಾಥೇಶ್ವರಿ ಗುಡಿ, ಅಕ್ಕ-ತಂಗಿಯರ ಹೊಂಡದವರೆಗೆ ಎರಡು ತಾಸು ಏರಿಳಿದು ಬನ್ನಿ. ಆಮೇಲೆ ಮಳೆ ಬಿದ್ದ ಒಂದು ದಿನ ಜೋಗಿಮಟ್ಟಿಯ ಕಾಡುದಾರಿ. ಇಳಿಯುವಾಗ ಮಂಡಿ ಹೇಗಿತ್ತು, ಮರುದಿನ ಬಾವು ಬಂತಾ ನೋಡಿ. ಬಂದರೆ ನಿಮಗೆ ಕಾಡುದಾರಿಗಿಂತ ವಿಮಾನದ ಸುತ್ತೇ ಸರಿ.

ಯಾವಾಗ ಹೋಗುವುದು? ಆ ಜಲಪಾತಕ್ಕೆ ಹಿಂದೆ ಕೆರೆಯೋ ಅಣೆಕಟ್ಟೋ ಇಲ್ಲ. ಔಯಾನ್ ತೆಪುಯಿ ಅನ್ನುವ ಚಪ್ಪಟೆ ನೆತ್ತಿಯ ಬೆಟ್ಟದ ಮೇಲೆ ಬಿದ್ದ ಮಳೆಯೇ ಅದರ ನೀರು. ಜೂನ್‌ನಿಂದ ನವೆಂಬರ್‌ವರೆಗೆ ನದಿ ತುಂಬಿ ದೋಣಿ ನಡೆಯುತ್ತದೆ, ಆದರೆ ಮೋಡ ಮುಚ್ಚಿ ಏನೂ ಕಾಣದ ದಿನಗಳೂ ಇರುತ್ತವೆ, ಸೊಳ್ಳೆಯೂ ಜಾಸ್ತಿ. ಜನವರಿಯಿಂದ ಏಪ್ರಿಲ್‌ವರೆಗೆ ಆಕಾಶ ತಿಳಿಯಾಗಿರುತ್ತದೆ, ನೀರು ನೂಲಿನಂತಾಗುತ್ತದೆ, ದೋಣಿ ಕಲ್ಲಿಗೆ ತಾಗುತ್ತದೆ. ಆಗ ವಿಮಾನದಿಂದ ನೋಡುವುದೇ ದಾರಿ. ಕಾಲು ಗಟ್ಟಿ ಇದ್ದರೆ ಮಳೆಗಾಲದಲ್ಲಿ ಹೋಗಿ, ಕನೈಮಾದಲ್ಲಿ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.

ವೆನೆಜುವೆಲಾದ ಪರಿಸ್ಥಿತಿ ಬದಲಾಗುತ್ತಲೇ ಇರುತ್ತದೆ. ವಿದೇಶಾಂಗ ಸಚಿವಾಲಯದ ಸೂಚನೆಯನ್ನು ಟಿಕೆಟ್ ಮಾಡುವ ಮುಂಚೆ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ನೋಡಿ. ಹೋಗಬೇಡಿ ಅಂತ ಇದ್ದರೆ ಹೋಗಬೇಡಿ. ಅಂಥ ಸಮಯದಲ್ಲಿ ಎಷ್ಟೋ ವಿಮೆ ಕಂಪನಿಗಳು ಹಣ ಕೊಡುವುದಿಲ್ಲ. ವಿಮೆ ತೆಗೆಯುವಾಗ ಶುಗರ್, ಬಿಪಿ ಮುಚ್ಚಿಡಬೇಡಿ. ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯಾ ಅಂತ ಓದಿ ನೋಡಿ.

ಕೊನೆಗೆ, ವಾಪಸ್ ಬಂದ ಮೇಲಿನ ಜ್ವರ. ಮೂರು ತಿಂಗಳೊಳಗೆ ಜ್ವರ ಬಂದರೆ ಅದೇ ದಿನ ಮಲೇರಿಯಾ ರಕ್ತಪರೀಕ್ಷೆ ಮಾಡಿಸಿ. ವೈವಾಕ್ಸ್ ಅನ್ನುವ ಇನ್ನೊಂದು ಬಗೆಯ ಮಲೇರಿಯಾ ಅದಕ್ಕಿಂತ ತಡವಾಗಿಯೂ ಮರಳಬಹುದು. ನಮ್ಮ ಊರಿನಲ್ಲಿ ಮಳೆಗಾಲದ ಜ್ವರ ಅಂದರೆ ಡೆಂಗಿ, ಟೈಫಾಯ್ಡ್ ಅಂತಲೇ ಮೊದಲು ಯೋಚಿಸುತ್ತೇವೆ. ದಕ್ಷಿಣ ಅಮೆರಿಕದ ಕಾಡಿಗೆ ಹೋಗಿದ್ದೆ ಅಂತ ನೀವು ಹೇಳದಿದ್ದರೆ ಎದುರಿಗೆ ಕೂತ ಡಾಕ್ಟರಿಗೆ ಗೊತ್ತಾಗುವ ದಾರಿ ಇಲ್ಲ. ಈಗ ಮಾಡಬೇಕಾದ್ದು ಇಷ್ಟು: ಟಿಕೆಟ್ ಮುಟ್ಟಬೇಡಿ. ಇಬ್ಬರ ಮಾತ್ರೆ ಚೀಟಿ, ಈಚಿನ ಶುಗರ್, ಕಿಡ್ನಿ, ಲಿವರ್ ವರದಿ ಹಿಡಿದು ನಿಮ್ಮ ವೈದ್ಯರ ಬಳಿ ಹೋಗಿ. ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ. ಅವರಿಗೆ ಯಾಕೆ ಬೇಡ ಅನ್ನುವುದನ್ನು ಅವರು ಡಾಕ್ಟರ ಬಾಯಿಂದಲೇ ಕೇಳಲಿ, ತಮ್ಮ ಪ್ರಶ್ನೆಗಳನ್ನು ತಾವೇ ಕೇಳಲಿ.